ಗುಂಜೋಟಿಯ ಬಾವಿಯೊಳಗಿನ ಬಾರೂದಖಾನೆ

ನಿಜಾಮ ಸರ್ಕಾರದ ಆಳ್ವಿಕೆಯಲ್ಲಿ ಉಮರ್ಗಾ, ನಿಲಂಗಾ, ಉದ್ಗೀರ ಈ ಮೂರು ತಾಲೂಕುಗಳೊಳಗೆ ಒಂದೂ ಅಪಘಾತವಾಗದ, ಒಂದು ಚಿಟಿಕೆ ಸಿಡಿಮದ್ದೂ ಕಳುವಾಗದ, ಸಕಲ ನಿಯಮಗಳಿಗೂ ತಲೆಬಾಗಿ ನಡೆದ ಬಾರೂದಖಾನೆ ಯಾವುದೆಂದರೆ, ಅದು ಗುಂಜೋಟಿಯ ಮನ್ಮಥಪ್ಪನ ಬಾವಿ. ಇದನ್ನು ಕೇಳಿ ನಗುವವರಿದ್ದಾರೆ. ನಗುವವರಿಗೆ ಕಾಯಿದೆ ಗೊತ್ತಿರುವುದಿಲ್ಲ.

ನಾನು ಉಮರ್ಗಾದಲ್ಲಿ ಬೇವಿನ ಮರದ ಕೆಳಗೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುವವನು. ಮನ್ಮಥಪ್ಪನ ಅರ್ಜಿಗಳೆಲ್ಲ ನನ್ನ ಕೈಯವೇ. ಸರ್ಕಾರವನ್ನು ಆಡಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥವರ ಬಾಯಿ ಮುಚ್ಚಿಸಲೆಂದೇ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮನ್ಮಥಪ್ಪ ಉಂಡುಟ್ಟು ಸುಖವಾಗಿದ್ದ ರೈತ. ಕರಿಮಣ್ಣಿನ ಹೊಲ, ಕೊಟ್ಟಿಗೆ ತುಂಬ ದನ, ಲಿಂಗಪೂಜೆ ಮುಗಿಯದೆ ರೊಟ್ಟಿ ಮುರಿಯದ ನೇಮ. ಇಲ್ಲದ್ದು ನೀರೊಂದೇ. ಪೂಜೆಯ ನೀರಿನಿಂದ ಹಿಡಿದು ಎಮ್ಮೆಯ ನೀರಿನ ತನಕ ಎಲ್ಲವನ್ನೂ ಅವನ ಹೆಂಡತಿ ಪ್ರಯಾಗಬಾಯಿ ದೂರದ ಹಳ್ಳದಿಂದ ತಲೆಯ ಮೇಲೆ ಹೊತ್ತು ತರುತ್ತಿದ್ದಳು. ಹೊಸ ಸೊಸೆಯಾಗಿ ಬಂದ ದಿನದಿಂದ ಹೊತ್ತೂ ಹೊತ್ತೂ ಅವಳ ಮೊಣಕಾಲು ಸವೆದಿದ್ದವು. ಒಂದು ದಿನ ಕೊಡ ಇಳಿಸಿದವಳೇ ಗಂಡನ ಮುಂದೆ ಕೂತುಬಿಟ್ಟಳು.

"ನಂದು ಒಂದೇ ಆಸೆ ಅದ ರೀ. ನಮ್ಮ ಹೊಲದಾಗ ನಮ್ಮ ಬಾವಿ ಇರಬೇಕು, ಅದರ ನೀರು ನಾ ತುಂಬಬೇಕು. ಹಳ್ಳದ ದಾರ್ಯಾಗ ನನ್ನ ಜೀವಾ ಹೋಗಬಾರ್ದು ನೋಡ್ರಿ."

ಮನ್ಮಥಪ್ಪ ಬಾವಿ ತೋಡಿಸಿದ. ಎರಡಾಳು ಆಳ ಮಣ್ಣು ತೆಗೆದ ಮೇಲೆ ಕಬ್ಬಿಣದಂಥ ಕರಿಕಲ್ಲು ಸಿಕ್ಕಿತು. ಕಲ್ಲಿನ ಕೆಳಗೆ ನೀರಿದೆ ಎಂದು ಊರೆಲ್ಲ ಹೇಳಿತು, ಕಲ್ಲು ಮಾತ್ರ ಒಪ್ಪಲಿಲ್ಲ. ಕಲ್ಲಿಗೆ ಕುಳಿ ಕೊರೆದು ಮದ್ದು ತುಂಬಿ ಹಾರಿಸಬೇಕು, ಅದಕ್ಕೆ ನಮ್ಮ ಕಡೆ ಸುರುಂಗ ಅನ್ನುತ್ತಾರೆ. ಸುರುಂಗಕ್ಕೆ ಸರ್ಕಾರದ ಪರವಾನಗಿ ಬೇಕು.

ಈ ಪರವಾನಗಿ ಕೊಡಲೆಂದೇ ಆಗ ಉದ್ಗೀರದಲ್ಲಿ ಬಾರೂದು ಸುರಕ್ಷತಾ ಕಚೇರಿ ಎಂಬುದೊಂದು ಹೊಸದಾಗಿ ತೆರೆದಿತ್ತು. ಮೇಲಿನ ಅಧಿಕಾರಿ ಹೈದರಾಬಾದಿನಿಂದ ಬಂದ ದಾರೋಗಾ ಸಾಹೇಬರು. ಅವರಿಗೆ ನಮ್ಮ ಮಾತು ಬಾರದು. ಅವರ ಉರ್ದುವನ್ನು ಜನರಿಗೂ, ಜನರ ಮಾತನ್ನು ಅವರಿಗೂ ದಾಟಿಸುವವನು ಪೇಶಕಾರ ಬಸವಣ್ಣೆಪ್ಪ. ಈ ಬಸವಣ್ಣೆಪ್ಪ ಗುಂಜೋಟಿಯವನೇ. ಅವನ ಹೊಲ ಮನ್ಮಥಪ್ಪನ ಹೊಲದ ತಗ್ಗಿಗೆ, ಬದುವಿಗೆ ಬದು ಹತ್ತಿಕೊಂಡಿತ್ತು. ನೆರೆಯವನೇ ಕಚೇರಿಯಲ್ಲಿದ್ದಾನೆಂದು ಮನ್ಮಥಪ್ಪನಿಗೆ ಧೈರ್ಯ. ತೋಳನ ಕೈಯಲ್ಲಿ ಕುರಿ ಕೊಟ್ಟ ಹಾಗಾಯಿತೆಂದು ಕುರುಬರ ಅಂಬಣ್ಣ ಅಂದನಂತೆ. ಕುರಿ ಕಾಯುವವರಿಗೆ ಎಲ್ಲೆಲ್ಲೂ ತೋಳವೇ ಕಾಣುತ್ತದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಸಾಹೇಬರ ಪರವಾಗಿ ಬಸವಣ್ಣೆಪ್ಪ ವಿಚಾರಣೆ ಮಾಡಿದ.

"ಸುರುಂಗ ಹಾರಿದ್ರ ಸಪ್ಪಳ ಹ್ಯಾಂಗ ಬರ್ತದ?"

"ಢಂ ಅಂತದ ರೀ," ಅಂದ ಮನ್ಮಥಪ್ಪ.

"ಒಮ್ಮಿ ಢಂ ಅಂತದೋ, ಎರಡು ಸರ್ತಿ ಅಂತದೋ?"

"ಒಮ್ಮಿ ಅಂದ್ರ ಸಾಕು ರೀ ನಮಗ."

ಹಾಗಾಗಿ ಒಂದು ಢಂಗೆ ಸಾಲುವಷ್ಟು ಮದ್ದಿಗೆ ಪರವಾನಗಿ ಸಿಕ್ಕಿತು. ಢಂ ಎಂದ ಕೂಡಲೇ, ಕಿವಿ ನೆಟ್ಟಗಿರುವ ಇಬ್ಬರು ಪಂಚರ ಸಾಕ್ಷಿ ಸಮೇತ ಪರವಾನಗಿಯನ್ನು ಕಚೇರಿಗೆ ಹಿಂತಿರುಗಿಸತಕ್ಕದ್ದು ಎಂಬುದು ಶರತ್ತು. ಇಷ್ಟು ಸ್ಪಷ್ಟವಾದ ಶರತ್ತನ್ನು ನಾನು ಬೇರೆ ಯಾವ ಇಲಾಖೆಯಲ್ಲೂ ಕಂಡಿಲ್ಲ.

ನಿಲಂಗಾದಿಂದ ಭೀಮಶಾ ಎಂಬ ಸುರುಂಗದವನು ಬಂದ. ಕುಳಿ ಕೊರೆದ, ಮದ್ದು ತುಂಬಿದ, ಬತ್ತಿಗೆ ಬೆಂಕಿ ಮುಟ್ಟಿಸಿ ಏಣಿ ಹತ್ತಿ ಓಡಿಬಂದು ಜೋಳದ ಕಣಕಿಯ ಬಣವೆಯ ಹಿಂದೆ ಬೋರಲು ಬಿದ್ದ. ಊರವರೆಲ್ಲ ಕಿವಿಯಲ್ಲಿ ಬೆರಳಿಟ್ಟುಕೊಂಡು ನಿಂತರು. ನಿಂತೇ ನಿಂತರು. ಮೊದಲು ಬೆರಳು ತೆಗೆದವಳು ಪ್ರಯಾಗಬಾಯಿ.

"ಆತೇನಪಾ?"

"ಆಗಿಲ್ಲ ಯವ್ವಾ. ಆಗ್ತದ," ಅಂದ ಭೀಮಶಾ. "ಯಾವಾಗ ಅಂತ ಹೇಳಾಕ ಬರಾಂಗಿಲ್ಲ. ಬೆಂಕಿ ಹಚ್ಚೋದು ನನ್ನ ಕೆಲಸ, ಹಾರೋದು ಅದರ ಕೆಲಸ."

ಇಷ್ಟು ಹೇಳಿ ಅವನು ನಿಲಂಗಾದ ದಾರಿ ಹಿಡಿದ. ಹೋಗುವಾಗ ಬಾವಿಯ ಕಡೆಗೆ ತಿರುಗಿ ಸಹ ನೋಡಲಿಲ್ಲ.

ಬೇರೆಯವರಾಗಿದ್ದರೆ ಬಾಯಿ ಮುಚ್ಚಿಕೊಂಡು ಕುಳಿಗೆ ನಾಲ್ಕು ಕೊಡ ನೀರು ಸುರಿದು, ಮದ್ದನ್ನು ಕೊಂದು, ಕೆಲಸ ಮುಂದುವರಿಸುತ್ತಿದ್ದರು. ಮನ್ಮಥಪ್ಪ ದೈವಭಕ್ತ. ಢಂ ಆಗದ ಮೇಲೆ ಢಂನ ಪರವಾನಗಿ ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪೆಂದು, ಅದನ್ನು ಮಡಿ ಬಟ್ಟೆಯಲ್ಲಿ ಸುತ್ತಿಕೊಂಡು ಉದ್ಗೀರಕ್ಕೆ ಹೋದ. ಕಚೇರಿಯಲ್ಲಿ ಎಲ್ಲರೂ ಗಂಭೀರರಾದರು.

"ಮದ್ದು ಹಾರಿಲ್ಲ ಅಂದ್ರ ಖರ್ಚಾಗಿಲ್ಲ," ಅಂದ ಬಸವಣ್ಣೆಪ್ಪ. "ಖರ್ಚಾಗಿಲ್ಲ ಅಂದ್ರ ನೀ ಇಟ್ಟುಕೊಂಡಿ. ಇಟ್ಟುಕೊಳ್ಳಾಕ ಬಾರೂದಖಾನೆಯ ಪರವಾನಗಿ ಬೇಕು. ಅದು ನಿನ್ನ ಹತ್ರ ಎಲ್ಲದ?"

"ಇಟ್ಟುಕೊಂಡಿಲ್ಲ ರೀ, ಕಲ್ಲಾಗ ಕುಂತದ."

"ಹಂಗಾದ್ರ ತೆಗೆದು ತಂದು ಒಪ್ಪಿಸು. ಆದರ ಸಾಗಿಸಾಕ ಪರವಾನಗಿ ಬೇಕು. ಆ ಪರವಾನಗಿಗೆ ತೂಕ ಬೇಕು. ತೂಕ ಮಾಡಾಕ ಹೊರಗ ತೆಗೀಬೇಕು. ಹೊರಗ ತೆಗೆದ್ರ ಸಾಗಿಸಿದಂಗ ಆಗ್ತದ."

ಮನ್ಮಥಪ್ಪನ ಕಣ್ಣ ಮುಂದೆ ಜೇಲು ಕುಣಿಯಿತು. ಆದರೆ ಸರ್ಕಾರಕ್ಕೆ ಕರುಳಿಲ್ಲವೆಂದು ಯಾರು ಹೇಳಿದರು? ಸಾಹೇಬರು ದೊಡ್ಡ ಮನಸ್ಸು ಮಾಡಿ, ಬಾವಿಗೇ ಬಾರೂದಖಾನೆಯ ಪರವಾನಗಿ ಕೊಟ್ಟರು. ವಾರದೊಳಗೆ ಗುಂಜೋಟಿಯಲ್ಲಿ ಡಂಗುರ ಸಾರಲಾಯಿತು:

"ಸಮಸ್ತ ಜನರಿಗೆ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಮನ್ಮಥಪ್ಪನ ಬಾವಿಯು ಬಾವಿಯಲ್ಲ. ಅದನ್ನು ಬಾವಿ ಎಂದು ಕರೆಯುವವರು ಬಾರೂದಖಾನೆಯ ಬಗ್ಗೆ ಸುಳ್ಳು ಹಬ್ಬಿಸಿದ ಅಪರಾಧಕ್ಕೆ ಗುರಿಯಾಗುತ್ತಾರೆ. ಅದರ ಹತ್ತಿರ ಬೆಂಕಿ, ಚಿಲುಮೆ, ಬಿಸಿ ರೊಟ್ಟಿ ತರಕೂಡದು. ಒಳಗೆ ಇಣುಕುವವರು ಇಣುಕುವ ಉದ್ದೇಶವನ್ನು ಮುಂಚಿತವಾಗಿ ತಿಳಿಸತಕ್ಕದ್ದು."

ಬಾರೂದಖಾನೆ ಎಂದ ಮೇಲೆ ಕಾವಲುಗಾರ ಬೇಕು. ಬಸವಣ್ಣೆಪ್ಪನ ಹೆಂಡತಿಯ ತಮ್ಮ ವೀರಭದ್ರ ಅದೇ ತಾನೇ ಯಾವ ಕೆಲಸವೂ ಇಲ್ಲದೆ ಖಾಲಿಯಾಗಿದ್ದ. ಅವನ ಊಟ, ಸ್ನಾನದ ವ್ಯವಸ್ಥೆ ಪರವಾನಗಿದಾರನದೇ. ಹೀಗಾಗಿ ಪ್ರಯಾಗಬಾಯಿ ಹಳ್ಳದಿಂದ ಇನ್ನೆರಡು ಕೊಡ ಹೆಚ್ಚಿಗೆ ಹೊರಬೇಕಾಯಿತು. ವೀರಭದ್ರನಿಗೆ ದಿನಾ ಸ್ನಾನವಿಲ್ಲದಿದ್ದರೆ ಕಾವಲಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ.

ಸಾಹೇಬರು ತಪಾಸಣೆಗೂ ಬಂದರು. ಬಂಡಿಯಿಂದ ಇಳಿಯದೆ ಸಾಹೇಬರು ಬಸವಣ್ಣೆಪ್ಪನ ಹಿಂದೆ, ಬಸವಣ್ಣೆಪ್ಪ ವೀರಭದ್ರನ ಹಿಂದೆ, ವೀರಭದ್ರ ಮನ್ಮಥಪ್ಪನ ಹಿಂದೆ, ಹೀಗೆ ಕ್ರಮಬದ್ಧವಾಗಿ ನಿಂತು ನೋಡಿದರು. ಬೇರೆ ಕಡೆ ಮದ್ದು ಸೋರುತ್ತದೆ, ಕಾವಲುಗಾರರೇ ಮಾರಿಕೊಳ್ಳುತ್ತಾರೆ. ಇಲ್ಲಿ ಕದಿಯಲು ಯಾರಿಗೂ ಎದೆಯೇ ಇಲ್ಲ. ಮೂರೂ ತಾಲೂಕಿಗೆ ಇದು ಮಾದರಿ ಎಂದು ಬರೆದು ಹೋದರು. ಮನ್ಮಥಪ್ಪ ಅವತ್ತು ಹೆಮ್ಮೆಪಟ್ಟದ್ದನ್ನು ನಾನೇ ನೋಡಿದ್ದೇನೆ. ಮನುಷ್ಯನ ಸ್ವಭಾವ ಹಾಗೆಯೇ, ಶಾಲು ಹೊದಿಸಿದರೆ ಕೊರಳ ಹಗ್ಗವನ್ನೂ ಮರೆಯುತ್ತಾನೆ.

ಇಷ್ಟರಲ್ಲಿ ಮಳೆಗಾಲ ಬಂತು. ಒಂದು ಬೆಳಗ್ಗೆ ಬಾವಿಯ ಪಕ್ಕದ ಗೋಡೆಯಲ್ಲಿ, ಮಣ್ಣು ಮುಗಿದು ಕಲ್ಲು ಶುರುವಾಗುವ ಕಡೆ, ಸೆಲೆಯೊಂದು ತಾನಾಗಿಯೇ ಬಾಯಿ ಬಿಟ್ಟಿತು. ಸುರುಂಗ ಬೇಡ, ಭೀಮಶಾ ಬೇಡ, ನೀರು ಬಂತು. ತಿಳಿಯಾದ ನೀರು. ಪ್ರಯಾಗಬಾಯಿ ಅರಿಷಿಣ ಕುಂಕುಮ, ತಂಬಿಗೆ ಹಿಡಿದು ಕುಂಟುತ್ತಲೇ ಓಡಿಬಂದಳು. ಅವಳ ಕಣ್ಣಲ್ಲೂ ನೀರಿತ್ತು. ವೀರಭದ್ರ ಕೋಲು ಅಡ್ಡ ಹಿಡಿದ.

"ಒಳಗ ಇಣುಕೋ ಉದ್ದೇಶ ಏನದ?"

"ಗಂಗಾಪೂಜಿ ಮಾಡ್ತೀನಪಾ. ನಮ್ಮ ಬಾವಿಗೆ ನೀರು ಬಂದಾದ."

"ಬಾವಿ ಅನಬ್ಯಾಡ್ರಿ ಕಾಕೂ, ಕೇಸ್ ಆಗ್ತದ."

ಸುದ್ದಿ ಉದ್ಗೀರಕ್ಕೆ ಮುಟ್ಟಿತು. ಮದ್ದನ್ನು ಸದಾ ಒಣಗಿದ ಸ್ಥಿತಿಯಲ್ಲಿಡಬೇಕೆಂಬ ನಿಯಮವಿರುವಾಗ, ಬಾರೂದಖಾನೆಯೊಳಗೆ ನೀರನ್ನು ಬಿಟ್ಟುಕೊಂಡದ್ದು ಯಾಕೆ ಎಂದು ಮನ್ಮಥಪ್ಪನಿಗೆ ನೋಟೀಸು ಬಂತು. ನಾನು ಉತ್ತರ ಬರೆದೆ: ನೀರು ಪರವಾನಗಿದಾರನ ಅಪ್ಪಣೆ ಪಡೆಯದೆ ಬಂದಿದೆ, ಕ್ಷಮೆ ಇರಲಿ. ಉತ್ತರ ಸಾಲಲಿಲ್ಲ. ಆಗ ಪ್ರಯಾಗಬಾಯಿ, "ನಾನೇ ಕೇಳ್ತೀನಿ, ಅವರೂ ಮನಿಶ್ಯಾರೇ ಅಲ್ಲಾ," ಎಂದು ಬಂಡಿ ಹೂಡಿಸಿದಳು. ನಾನೂ ಜೊತೆಗೆ ಹೋದೆ.

"ಹಸಿ ಆದ ಮದ್ದು ಹಾರ್ತದೇನ್ರಿ?" ಎಂದು ಅವಳು ಸೀದಾ ಕೇಳಿದಳು.

"ಹಾರಾಂಗಿಲ್ಲ," ಅಂದ ಬಸವಣ್ಣೆಪ್ಪ.

"ಮತ್ತ ಅಂಜೋದೇನದ? ನೀರಾಗ ಅದು ಸತ್ತು ಹೋಗ್ಯಾದ. ನಮ್ಮ ನೀರು ನಮಗ ಕೊಡ್ರಿ."

ಬಸವಣ್ಣೆಪ್ಪ ಅದನ್ನು ಸಾಹೇಬರಿಗೆ ಹೇಳಿದ. ಸಾಹೇಬರು ಎರಡೇ ಮಾತಾಡಿದರು. ಉರ್ದು ಚುಟುಕಾದ ಭಾಷೆ, ನಮ್ಮ ಮಾತಿಗೆ ತಂದಾಗ ಉದ್ದವಾಗುತ್ತದೆ.

"ಸಾಹೇಬರು ಹೇಳ್ತಾರ, ಹಾರದ ಮದ್ದನ್ನ ಬಾರೂದಖಾನ್ಯಾಗ ಇಡೋದು ಸರ್ಕಾರಕ್ಕ ಮೋಸ. ಅದಕ್ಕ ನೀರು ದಿನಾ ಹೊರಗ ಹಾಕಿ ಮದ್ದು ಒಣಗಸ್ರಿ. ಮದ್ದಿಗೆ ಮುಟ್ಟಿದ ನೀರು ಅಪಾಯದ ನೀರು, ಪರವಾನಗಿದಾರರ ಹೊಲಕ್ಕಾಗಲೀ ಮನಿಗಾಗಲೀ ಬರಕೂಡದು. ಗಡಿಕಲ್ಲಿನ ಹದ್ದಿನ ಆಚೆ ತಗ್ಗಿಗೆ ಹರೀಬೇಕು."

ಆಚೆ ತಗ್ಗಿಗಿದ್ದದ್ದು ಬಸವಣ್ಣೆಪ್ಪನ ಹೊಲ. ಊರಿನ ಅಪಾಯವನ್ನೆಲ್ಲ ಒಬ್ಬನೇ ತನ್ನ ಹೊಲದ ಮೇಲೆ ಎಳೆದುಕೊಳ್ಳಲು ಅವನು ಆ ಕ್ಷಣದಲ್ಲೇ ಒಪ್ಪಿದ. ಇಂಥ ತ್ಯಾಗ ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತದೆ?

ಮನ್ಮಥಪ್ಪ ತೊಗಲಿನ ಮೊಟ ಕಟ್ಟಿ, ಎತ್ತು ಹೂಡಿ, ಬೆಳಗಿನಿಂದ ಸಂಜೆಯ ತನಕ ನೀರೆತ್ತಿ ಸುರಿಯತೊಡಗಿದ. ಎಷ್ಟೆತ್ತಿದರೂ ಸೆಲೆ ಬತ್ತಲಿಲ್ಲ, ಮದ್ದು ಒಣಗಲಿಲ್ಲ. ಬಸವಣ್ಣೆಪ್ಪನ ಹೊಲದಲ್ಲಿ ಆಳೆತ್ತರದ ಕಬ್ಬು ಎದ್ದಿತು. ಅಪಾಯವನ್ನು ಎದುರಿಸಿದ್ದಕ್ಕೆ ಕಚೇರಿಯಿಂದ ಅವನಿಗೆ ಪ್ರಶಂಸಾಪತ್ರ ಬಂತು. ಪ್ರಯಾಗಬಾಯಿ ಆ ಕಬ್ಬಿನ ಪಕ್ಕದ ಕಾಲುದಾರಿಯಲ್ಲೇ ಹಳ್ಳಕ್ಕೆ ಹೋಗಿಬರುತ್ತಿದ್ದಳು. ಒಂದು ದಿನ ದಾರಿಯಲ್ಲಿ ಬಿದ್ದಳು. ಕೊಡ ಒಡೆಯಿತು, ಮೊಣಕಾಲು ಬಾತು ಬೂದಗುಂಬಳವಾಯಿತು.

ಮನ್ಮಥಪ್ಪ ನನ್ನ ಹತ್ತಿರ ಬಂದು ಇನ್ನೊಂದು ಅರ್ಜಿ ಬರೆಸಿದ: ದಿನಕ್ಕೊಂದು ಕೊಡ ನೀರು ಕೊಡಿಸಿರಿ. ಈ ಅರ್ಜಿ ಮಂಜೂರಾಯಿತು. ಬಸವಣ್ಣೆಪ್ಪನ ಮಣ್ಣು ಸೋಕಿದ ಮೇಲೆ ನೀರಿನ ಬಾರೂದು ದೋಷ ಕಳೆಯುತ್ತದಾದ್ದರಿಂದ, ಪ್ರಯಾಗಬಾಯಿ ಅವನ ಕಾಲುವೆಯಲ್ಲಿ ಕೊಡ ತುಂಬಿಕೊಳ್ಳಬಹುದು. ಕಾಲುವೆಗೆ ಹೋಗುವ ದಾರಿ ಬಾರೂದಖಾನೆಯ ಹದ್ದಿನೊಳಗೆ ಹಾಯುತ್ತದಾದ್ದರಿಂದ, ಕಲ್ಲಿಗೆ ತಾಗಿ ಕಿಡಿ ಹಾರೀತೆಂಬ ಕಾರಣಕ್ಕೆ, ಕಾಲಲ್ಲಿ ಲೋಹದ ಯಾವ ಒಡವೆಯೂ ಇರಕೂಡದು.

ಅಂದರೆ ಕಾಲುಂಗುರ. ಗಂಡ ಸತ್ತ ದಿನ ತೆಗೆಯುವ ಕಾಲುಂಗುರ.

"ಆಕಿ ಗಂಡ ಇನ್ನ ಬದಕ್ಯಾನ ಅಂತ ಬರೀರಿ," ಅಂದ ಮನ್ಮಥಪ್ಪ. ನಾನು ಬರೆದೆ. ಎಂಟು ದಿನಕ್ಕೆ ಉತ್ತರ ಬಂತು: "ಅರ್ಜಿದಾರನು ಬದುಕಿರುವುದನ್ನು ಕಚೇರಿ ಗಮನಿಸಿದೆ. ಇದರಿಂದ ಕಿಡಿ ಹಾರುವ ಸಂಭವ ಕಡಿಮೆಯಾಗುವುದಿಲ್ಲ."

ಮರುದಿನ ಪ್ರಯಾಗಬಾಯಿ ಹದ್ದಿನ ಕಲ್ಲಿನ ಮೇಲೆ ಕುಳಿತಳು. ಮದುವೆಯಾದಾಗ ತೊಟ್ಟ ಉಂಗುರ, ಬೆರಳಿಗೆ ಕಚ್ಚಿಕೊಂಡಿದ್ದವು. ಎಣ್ಣೆ ಹಚ್ಚಿ, ತಿರುವಿ ತಿರುವಿ ತೆಗೆದು, ಸೆರಗಿನ ತುದಿಗೆ ಕಟ್ಟಿಕೊಂಡಳು. ಮೊಟ ಹೊಡೆಯುತ್ತಿದ್ದ ಮನ್ಮಥಪ್ಪ ಎತ್ತು ನಿಲ್ಲಿಸಿದ.

"ಪ್ರಯಾಗಾ, ನಾ ಇನ್ನ ಇದ್ದೀನಿ."

"ಇದ್ದೀರಿ ಅಂತ್ಲೇ ಒಯ್ಯಾಕತ್ತೀನಿ ರೀ. ನಿಮ್ಮ ಪೂಜಾಕ್ಕ ನೀರು ಬೇಕಲ್ಲ. ಎತ್ತು ಹೊಡೀರಿ, ಕಾಲುವಿ ಬತ್ತಾಕತ್ತದ."

ಅವನು ಎತ್ತು ಹೊಡೆದ. ಅವಳು ಬರಿಗಾಲಲ್ಲಿ ಕಾಲುವೆಗೆ ಇಳಿದು ಒಂದು ಬೊಗಸೆ ಕುಡಿದು, ಸಿಹಿ ಅದ ಅಂದಳು. ವೀರಭದ್ರ ಅವಳ ಕಾಲು ನೋಡಿ ತೃಪ್ತನಾದ.

ಆ ವರ್ಷ ಗುಂಜೋಟಿಯಲ್ಲಿ ಯಾವ ಅವಘಡವೂ ಇಲ್ಲವೆಂದು ಮೇಲಿನವರಿಗೆ ವರದಿ ಹೋಯಿತು. ಪ್ರಯಾಗಬಾಯಿಗೆ ಸಿಕ್ಕ ಸೌಕರ್ಯವನ್ನು ನೋಡಿ ಊರಿನ ಉಳಿದ ಹೆಂಗಸರೂ ಅರ್ಜಿ ಬರೆಸಿದರು, ಎಲ್ಲರಿಗೂ ಮಂಜೂರಾಯಿತು. ಈಗ ಯಾರಿಗೂ ಯಾರೂ ಹೇಳಬೇಕಾಗಿಲ್ಲ, ಹದ್ದಿನ ಕಲ್ಲು ಬಂದರೆ ತಾವೇ ಬಗ್ಗುತ್ತಾರೆ. ಗುಂಜೋಟಿಗೆ ಹೆಣ್ಣು ಕೊಡುವವರು ಸಹ ಅಕ್ಕಸಾಲಿಗನಿಗೆ ಮೊದಲೇ ಹೇಳಿಬಿಡುತ್ತಾರೆ: "ಕಾಲುಂಗುರ ಜರಾ ಸಡಲ ಇರಲಿ ರೀ. ದಿನಾ ತೆಗೆಯೋದಿರ್ತದ."