ಮಂದ ಬೆಳಕಿನ ಅಜೇಯರು

ಸೇಂಟ್ ಓರ್ಲಾ ದ್ವೀಪದ ರಾಷ್ಟ್ರೀಯ ಫುಟ್‌ಬಾಲ್ ತಂಡವು ಹೊಸ ತರಬೇತುದಾರರ ಕೈಕೆಳಗೆ ಆಡಿದ ಮೊದಲ ನಾಲ್ಕು ಪಂದ್ಯಗಳಲ್ಲಿ ಒಂದನ್ನೂ ಸೋತಿಲ್ಲ. ಅದೇ ಅವಧಿಯಲ್ಲಿ ತಂಡದ ವಿರುದ್ಧ ಹದಿನೇಳು ಗೋಲು ಬಿದ್ದಿವೆ. ಎರಡೂ ಸಂಗತಿಗಳು ಒಂದೇ ಪುಟದಲ್ಲಿ, ಒಂದೇ ಕೈಬರಹದಲ್ಲಿ, ಚಿತ್ತಿಲ್ಲದೆ ದಾಖಲಾಗಿವೆ.

ಕೈಬರಹ ಮಿಸ್ ಅರ್ನೆಸ್ಟೀನ್ ಲಾಬೋರ್ಡ್ ಅವರದು. ಇಪ್ಪತ್ತೊಂಬತ್ತು ವರ್ಷಗಳಿಂದ ಫುಟ್‌ಬಾಲ್ ಸಂಸ್ಥೆಯ ದಫ್ತರ ನೋಡಿಕೊಂಡು ಬಂದ ಆಕೆಗೆ ಉಳಿದಿದ್ದ ಆಸೆ ಒಂದೇ: ನಿವೃತ್ತಿಯೊಳಗೆ 'ಗೆಲುವು' ಎಂಬ ಅಂಕಣದಲ್ಲಿ ಏನಾದರೂ ಬರೆಯಬೇಕು. ಹನ್ನೊಂದು ವರ್ಷದಿಂದ ಆ ಅಂಕಣ ಒಗೆದ ಬಟ್ಟೆಯಂತೆ ಬೆಳ್ಳಗಿತ್ತು. ಅದಕ್ಕೆಂದೇ ನಲವತ್ತು ಅರ್ಜಿ ಓದಿ, ಹಾಲೆಂಡಿನ ವೀಬೆ ಸ್ಕೌಟನ್‌ನನ್ನು ಆರಿಸಿದ್ದರು.

ಮೊದಲ ಮೂರು ಪಂದ್ಯಗಳನ್ನೂ ಸೋತರೆ ತರಬೇತುದಾರರು ಗುರುವಾರದ ಹಡಗು ಹತ್ತತಕ್ಕದ್ದು ಎಂದು ಕರಾರಿನಲ್ಲಿತ್ತು. ಆದರೆ ಅಂಚೆ ಇಲಾಖೆ ಆಗಲೇ ಸ್ಕೌಟನ್ ಮುಖದ ನಲವತ್ತು ಸಾವಿರ ಅಂಚೆಚೀಟಿಗಳನ್ನು ಅಚ್ಚು ಹಾಕಿಸಿಬಿಟ್ಟಿತ್ತು. ಆದ್ದರಿಂದ ಆತ ಸೋಲುವಂತಿರಲಿಲ್ಲ.

ಮೊದಲ ಪಂದ್ಯದಲ್ಲಿ, ಐದು ಗೋಲು ಬಿದ್ದ ಮೇಲೆ, ಅಧ್ಯಕ್ಷ ಕತ್‌ಬರ್ಟ್ ಪ್ರಾಸ್ಪರ್ ಚಹಾದ ಬಟ್ಟಲು ಕೆಳಗಿಟ್ಟು ಎದ್ದು ನಿಂತರು. ಅವರು ಹಳೆಯ ವಿಕೆಟ್ ಕೀಪರ್. ಆಡಳಿತ ಸಮಿತಿಯ ಒಂಬತ್ತೂ ಜನ ಹಳೆಯ ಕ್ರಿಕೆಟಿಗರೇ. ಅವರ ಬಳಿ ಹೇಗೂ ಕುರ್ಚಿಗಳಿವೆಯೆಂದು ಸರ್ಕಾರ ಫುಟ್‌ಬಾಲನ್ನೂ ಅವರಿಗೇ ವಹಿಸಿತ್ತು.

"ಬೆಳಕು ಸಾಲ್ತಿಲ್ಲ" ಎಂದರು.

"ಮಧ್ಯಾಹ್ನ ಮೂರೂವರೆ ಗಂಟೆ ಸ್ವಾಮಿ," ಎಂದರು ಅರ್ನೆಸ್ಟೀನ್.

"ನಮ್ಮ ಸಂಸ್ಥೆಯ ಹದಿನಾಲ್ಕನೇ ನಿಯಮ ಓದಿ."

ಓದಿದರು. 'ಇಲ್ಲಿ ಹೇಳದೆ ಬಿಟ್ಟ ವಿಷಯಗಳಿಗೆ ಕ್ರಿಕೆಟ್ ಪದ್ಧತಿ ಅನ್ವಯಿಸತಕ್ಕದ್ದು.' ಬೆಳಕಿನ ವಿಷಯ ಎಲ್ಲೂ ಹೇಳಿರಲಿಲ್ಲ. ಶನಿವಾರಗಳಲ್ಲಿ ಅಂಪೈರ್ ಆಗಿರುವ ರೆಫರಿ ಟೆಲಿಮಾಕ್ ಜೇಬಿನಿಂದ ಬೆಳಕಿನ ಮಾಪಕ ತೆಗೆದು, ಅದಕ್ಕೆ ಅಂಗೈ ಮುಚ್ಚಿ, ಬಗ್ಗಿ ನೋಡಿ, ತಲೆಯಾಡಿಸಿದ. ಪಂದ್ಯ ಡ್ರಾ.

"ಫುಟ್‌ಬಾಲ್‌ನಲ್ಲಿ ಹೀಗೆಲ್ಲ ಇಲ್ಲವೇ ಇಲ್ಲ!" ಎಂದು ಸ್ಕೌಟನ್ ಕೂಗಾಡಿದ.

"ಹೊಸಬ ಪಾಪ, ಕಲೀತಾನೆ," ಎಂದರು ಪ್ರಾಸ್ಪರ್.

ಎರಡನೇ ಪಂದ್ಯಕ್ಕೆ ಆರು ಗೋಲು. ಅದೂ ಮಂದ ಬೆಳಕಿಗೆ ಮುಗಿಯಿತು. ಮೂರನೆಯದರಲ್ಲಿ ನೆಪಕ್ಕೊಂದು ಮೋಡವೂ ಇಲ್ಲದ್ದರಿಂದ ಸಮಿತಿಗೆ ಸಂಕೋಚವಾಗಿ, ಎದುರಾಳಿಗಳು ಆರು ಗೋಲಿಗೆ ಡಿಕ್ಲೇರ್ ಮಾಡಿಕೊಂಡಿದ್ದಾರೆಂದು ಪ್ರಕಟಿಸಿತು. ಇನ್ನು ನಮ್ಮ ಸರದಿ. ಅವರು ಚೆಂಡು ಹೆಕ್ಕಿ ಕೊಡಬಹುದು, ಒದೆಯುವಂತಿಲ್ಲ. ನಲವತ್ತು ನಿಮಿಷ ಖಾಲಿ ಗೋಲಿನ ಮುಂದೆ ಆಡಿಯೂ ನಮ್ಮವರಿಗೆ ಗೋಲು ಹತ್ತಲಿಲ್ಲ. ಆದರೆ ಒಬ್ಬನೂ ಔಟಾಗಿರಲಿಲ್ಲವಾದ್ದರಿಂದ ಅದೂ ಡ್ರಾ. ಅರ್ನೆಸ್ಟೀನ್ ಮೂರು ಸಲವೂ ತುಟಿ ಬಿಗಿಹಿಡಿದು ಬರೆದುಕೊಂಡರು. ಹುಡುಕಿ ತಂದ ಮನುಷ್ಯ ಉಳಿದರೆ ಇಂದಲ್ಲ ನಾಳೆ ಗೆಲ್ಲಿಸಿಯಾನು ಎಂಬ ಆಸೆ.

ಗೆಲ್ಲಿಸಿಯೇಬಿಟ್ಟ. ನಾಲ್ಕನೇ ಪಂದ್ಯದ ಎಪ್ಪತ್ತೆಂಟನೇ ನಿಮಿಷದಲ್ಲಿ, ನಮ್ಮ ತಂಡದ ಮೀನು ಮಾರುವ ಓಸ್ಬರ್ಟನ ಬೆನ್ನಿಗೆ ಬಡಿದ ಚೆಂಡು ನೆಟ್ಟಗೆ ಗೋಲಿನೊಳಗೆ ಹೋಯಿತು. ಜನ ಬಾಣಲೆ ಬಡಿದರು, ಕುಣಿದರು, ಹುರಿದ ಮೀನನ್ನು ಪುಕ್ಕಟೆ ಹಂಚಿದರು. ಅರ್ನೆಸ್ಟೀನ್ ಪೆನ್ನಿನ ಮುಚ್ಚಳ ತೆಗೆದರು.

ಎಂಬತ್ತೊಂಬತ್ತನೇ ನಿಮಿಷದಲ್ಲಿ ಎದುರಾಳಿ ನಾಯಕ ರೆಫರಿಯ ಬಳಿ ಬಂದ. ಪಕ್ಕದ ದ್ವೀಪದವನು, ಅವನೂ ಕ್ರಿಕೆಟ್ ನೋಡಿಯೇ ಬೆಳೆದವನು.

"ಅಣ್ಣಾ, ಚೆಂಡೇ ಕಾಣಿಸ್ತಿಲ್ಲ."

ಟೆಲಿಮಾಕ್ ಮಾಪಕ ತೆಗೆದ.

"ಏ ಟೆಲಿಮಾಕ್! ಬಿಸಿಲಿಗೆ ನನ್ನ ಬೆನ್ನು ಹುರಿದುಹೋಗ್ತಿದೆ ಕಣೋ!" ಅರ್ನೆಸ್ಟೀನ್ ಎದ್ದು ಕೂಗಿದರು.

"ಇದಕ್ಕಿಂತ ಹೆಚ್ಚು ಬಿಸಿಲಲ್ಲಿ ಬೆಳಕು ಸಾಲ್ದು ಅಂತ ಬರೆದಿದೀರಲ್ಲಾ ಮಿಸ್. ಎರಡು ಸಲ. ನಿಮ್ಮ ಕೈಯಲ್ಲೇ."

ಅವರು ಪುಟ ತಿರುಗಿಸಿದರು. ಬರೆದಿತ್ತು. ಅಕ್ಷರಗಳು ಎಂದಿನಂತೆ ಮುತ್ತಿನ ಹಾಗಿದ್ದವು.

ಪಂದ್ಯ ಡ್ರಾ ಎಂದು ಘೋಷಿಸಲಾಯಿತು. ಬಾಣಲೆಗಳು ಒಂದು ಕ್ಷಣ ನಿಂತು, ಆಮೇಲೆ ಮತ್ತಷ್ಟು ಜೋರಾಗಿ ಮೊಳಗಿದವು. ಹೇಗೂ ಮೀನು ಇನ್ನೂ ಉಳಿದಿತ್ತು. ನಾಲ್ಕು ಪಂದ್ಯ, ಸೋಲಿಲ್ಲ! ಹಳೆಯ ಚೀಟಿಗಳ ಮೇಲೆ 'ಅಜೇಯ' ಎಂದು ಅಚ್ಚೊತ್ತಲು ಅಂಚೆ ಇಲಾಖೆಗೆ ಅಲ್ಲೇ ಆದೇಶವಾಯಿತು. ಕಪ್ಪು ಕನ್ನಡಕ, ಅಗಲ ಟೋಪಿ ಧರಿಸಿದ್ದ ಸ್ಕೌಟನ್ ಮೆಲ್ಲಗೆ ಚಪ್ಪಾಳೆ ತಟ್ಟಿ, ಚಹಾ ತೆಗೆದುಕೊಂಡ.

"ನ್ಯಾಯವಾಗಿದೆ ಮಿಸ್. ಬೆಳಕು ನಿಜಕ್ಕೂ ಸಾಲದು."

ಅರ್ನೆಸ್ಟೀನ್ ಬಿಳಿಯ ಅಂಕಣವನ್ನು ದಾಟಿ, ಷರಾ ಎಂಬಲ್ಲಿ 'ಮಂದ ಬೆಳಕು' ಎಂದು ಬರೆದರು. ಶಾಯಿ ಹೀರುವ ಒತ್ತುಕಾಗದ ಬೇಕಾಗಲಿಲ್ಲ. ಕೊನೆಯ ಚುಕ್ಕಿ ಇಡುವಷ್ಟರಲ್ಲಿ ಬಿಸಿಲಿಗೆ ಶಾಯಿ ಒಣಗಿತ್ತು.