ಒಂದು ದಿನದ ಕುಷ್ಟಗಿ ಮಾಸ್ತರು

ನಮ್ಮ ಮಾವನವರು ಹಾವಿಗೆ ಹೆದರುತ್ತಿರಲಿಲ್ಲ, ಮೇಲಿನ ಸಾಹೇಬರಿಗೆ ಹೆದರುತ್ತಿರಲಿಲ್ಲ. ನಮ್ಮ ಅತ್ತೆಯವರಿಗೆ ಸ್ವಲ್ಪ ಹೆದರುತ್ತಿದ್ದರು, ಅದು ಎಲ್ಲರ ಮನೆಯಲ್ಲೂ ಇರುವುದೇ. ಆದರೆ ಅವರು ನಿಜವಾಗಿ ಬೆವರುತ್ತಿದ್ದುದು ಒಂದೇ ಬಗೆಯ ಜನರನ್ನು ಕಂಡರೆ. ಕಾಲುವೆಯ ತುದಿಯಲ್ಲಿ ಹೊಲ ಇರುವವರನ್ನು!

ನಗಬೇಡಿ. ಮಾವನವರದು ಗಂಗಾವತಿ ಕಡೆಯ ತುಂಗಭದ್ರಾ ಕಾಲುವೆಯ ಮೇಲೆ ಗೇಟು ಎತ್ತಿ ಇಳಿಸುವ ನೌಕರಿ. ಮೂವತ್ತು ವರ್ಷ ಅದನ್ನೇ ಮಾಡಿ ನಿವೃತ್ತರಾದರು. ಈ ವಾರ ಈ ಊರಿಗೆ ನೀರು, ಮುಂದಿನ ವಾರ ಆ ಊರಿಗೆ ಎಂದು ಸರದಿ ಹಾಕುವುದಕ್ಕೆ ನಮ್ಮಲ್ಲಿ ವಾರಬಂದಿ ಎನ್ನುತ್ತಾರೆ. ಸರದಿ ಕಾಗದದ ಮೇಲೆ ಚೆನ್ನಾಗಿಯೇ ಇರುತ್ತದೆ. ಆದರೆ ಮೇಲಿನವರ ಭತ್ತದ ಗದ್ದೆಗಳನ್ನು ದಾಟಿ ಕೊನೆಯ ಹೊಲಕ್ಕೆ ಹೋಗುವಷ್ಟರಲ್ಲಿ ವಾರವೂ ಮುಗಿದಿರುತ್ತದೆ, ನೀರೂ ಮುಗಿದಿರುತ್ತದೆ. ಆ ಕೊನೆಯವರಿಗೆ ಟೇಲೆಂಡಿನವರು ಎಂದು ಹೆಸರು. ಇಂಗ್ಲಿಷಿನ ಒಂದಕ್ಷರ ಬರದವರೂ ನಮ್ಮ ಕಡೆ ಈ ಶಬ್ದ ಬಲ್ಲರು. ಟೇಲೆಂಡಿನವರು ಯಾರನ್ನು ಬೈಯಬೇಕು? ಮಂತ್ರಿಗಳು ದೂರ ಇರುತ್ತಾರೆ. ಇಂಜಿನಿಯರರು ಜೀಪಿನಲ್ಲಿ ಹೋಗಿಬಿಡುತ್ತಾರೆ. ಸೈಕಲ್ಲಿನ ಮೇಲೆ ನಿಧಾನಕ್ಕೆ ಬರುವವರು ನಮ್ಮ ಮಾವನವರೊಬ್ಬರೇ. ಬೈಗುಳ ನೀರಿಗಿಂತ ಚೆನ್ನಾಗಿ ಹರಿಯುತ್ತದೆ, ಅದಕ್ಕೆ ಗೇಟಿಲ್ಲವಲ್ಲ!

ನಾನು ತಳಕಲ್ಲಿನವಳು. ಮೋಡ ನೋಡಿ ಬಿತ್ತುವ ಸೀಮೆ ನಮ್ಮದು. ಕಾಲುವೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇ ಮದುವೆಯಾದ ಮೇಲೆ. ಹೊಸದರಲ್ಲಿ ಒಮ್ಮೆ ಮಾವನವರ ಜೊತೆ ಗಂಗಾವತಿಯ ಸಂತೆಗೆ ಹೋಗಿದ್ದೆ. ಬದನೆಕಾಯಿ ಆರಿಸುತ್ತಿದ್ದವರು ಎದುರಿನಿಂದ ಕೆಂಪು ರುಮಾಲಿನ ಒಬ್ಬರು ಬರುವುದನ್ನು ಕಂಡದ್ದೇ ಪಕ್ಕದ ಬಳೆ ಅಂಗಡಿಯೊಳಗೆ ಹೊಕ್ಕುಬಿಟ್ಟರು. ಒಳಗೆ ಹೋದ ಮೇಲೆ ಏನಾದರೂ ಕೇಳಬೇಕಲ್ಲ, ಹಸಿರು ಬಳೆ ಕೇಳಿದರು. ರುಮಾಲು ಮರೆಯಾಗುವವರೆಗೆ ಅಳತೆ ನೋಡಿದರು. ನಮ್ಮ ಅತ್ತೆಯವರ ಪೆಟ್ಟಿಗೆಯಲ್ಲಿ ಅಷ್ಟೊಂದು ಬಳೆ ಯಾಕಿವೆ ಎಂಬುದು ನನಗೆ ಅಂದು ತಿಳಿಯಿತು.

ಹೆದರಿಕೆ ಮನುಷ್ಯನನ್ನು ಎರಡು ಥರ ಮಾಡಬಹುದು. ಕೆಲವರು ಗಟ್ಟಿಯಾಗಿ ಕೂಗಾಡುವವರಾಗುತ್ತಾರೆ. ಮಾವನವರು ಎಲ್ಲವನ್ನೂ ಕೊನೆಯಿಂದ ಶುರು ಮಾಡುವವರಾದರು. ಮದುವೆ ಊಟದಲ್ಲಿ ಬಡಿಸುವವರ ಕೈ ಹಿಡಿದು ಎಳೆದೊಯ್ದು ಸಾಲಿನ ಕೊನೆಯ ಎಲೆಯಿಂದ ಬಡಿಸಲು ಹಚ್ಚುತ್ತಿದ್ದರು. ನನ್ನ ಮದುವೆಯಲ್ಲಂತೂ ಕೊನೆಯ ಎಲೆಯ ಮುಂದೆ ನಿಂತು, ಹೋಳಿಗೆ ಮುಟ್ಟಿತೇ, ತುಪ್ಪ ಮುಟ್ಟಿತೇ ಎಂದು ಒಂದೇ ಸಮನೆ ಕೇಳಿದರಂತೆ. ಆ ಎಲೆಯ ಮುಂದೆ ಕೂತಿದ್ದವರು ಕುಕನೂರಿನ ನಮ್ಮ ಕಾಕಾ. ಇಂಥ ಬೀಗರು ಹುಡುಕಿದರೂ ಸಿಗುವುದಿಲ್ಲ ಎಂದು ಕಾಕಾ ಊರೆಲ್ಲ ಹೇಳಿಕೊಂಡು ಬಂದರು. ಅದು ಪ್ರೀತಿಯಲ್ಲ, ಭಯ ಎಂದು ನಾನು ಇಂದಿಗೂ ಅವರಿಗೆ ಹೇಳಿಲ್ಲ.

ಮನೆಯಲ್ಲಿ ಬಚ್ಚಲಿಗೂ ವಾರಬಂದಿ ಇತ್ತು! ಗೋಡೆಗೆ ಕಾಗದ ಅಂಟಿಸಿದ್ದರು. ಹಿಂದಿನ ಕೋಣೆಯ ಬಾಡಿಗೆಯವರದು ಮೊದಲ ಸರದಿ, ಏಕೆಂದರೆ ಪೈಪಿನ ಲೆಕ್ಕದಲ್ಲಿ ಅವರೇ ಟೇಲೆಂಡು. ಮನೆಯ ಯಜಮಾನರದು ಎಲ್ಲರಿಗಿಂತ ಕೊನೆಗೆ. ಚಳಿಗಾಲದಲ್ಲಿ ಅವರಿಗೆ ಬಿಸಿನೀರು ಸಿಕ್ಕಿದ್ದನ್ನು ನಾನು ಕಂಡಿಲ್ಲ. ಸಿಕ್ಕದಿದ್ದಾಗ ಅವರ ಮುಖದಲ್ಲಿ ಒಂದು ಸಮಾಧಾನ ಇರುತ್ತಿತ್ತು, ಇವತ್ತು ಯಾರೂ ಬೈಯುವುದಿಲ್ಲ ಎಂಬಂತೆ.

ಇಂಥವರನ್ನು ಕರೆದುಕೊಂಡು ನಾನು ಕೃಷ್ಣಾ ನದಿ ಸಮುದ್ರ ಸೇರುವ ಜಾಗ ನೋಡಲು ಹೋದೆ. ತಪ್ಪು ನನ್ನದಲ್ಲ.

ಆದದ್ದಿಷ್ಟು. ನಮ್ಮ ಕಾಲುವೆಯ ಸುತ್ತ ಆಂಧ್ರದಿಂದ ಬಂದು ನೆಲೆಸಿದವರ ಊರುಗಳಿವೆ, ಕ್ಯಾಂಪು ಎನ್ನುತ್ತೇವೆ. ಪಕ್ಕದ ಕ್ಯಾಂಪಿನ ಪರಿಚಯದವರು ಮಗಳ ಮದುವೆಯನ್ನು ವಿಜಯವಾಡದಲ್ಲಿ ಇಟ್ಟುಕೊಂಡರು. ನಾವು ನಾಲ್ಕೂ ಜನ ಹೋದೆವು. ಮದುವೆಯ ಮರುದಿನ ಇಡೀ ದಿನ ಖಾಲಿ, ರೈಲು ರಾತ್ರಿಗೆ. ನಾವು ಇಳಿದಿದ್ದ ಲಾಡ್ಜಿನ ಕೆಳಗೆ ಒಂದು ಬೋರ್ಡು: ಒಂದು ದಿನದ ಪ್ರವಾಸ, ಬಸ್ಸು, ದೋಣಿ, ತೋಟದಲ್ಲಿ ಊಟ, ಜೊತೆಗೆ ಗೈಡು. ಬೋರ್ಡಿನಲ್ಲಿ ದೋಣಿಯ ಚಿತ್ರ ಇತ್ತು, ತೆಂಗಿನ ಮರ ಇತ್ತು. ಮಾವನವರು ನದಿ ಎಂಬ ಒಂದೇ ಶಬ್ದ ಓದಿ ಹೂಂ ಅಂದರು. ಅತ್ತೆಯವರಿಗೆ ಮೊಣಕಾಲು ನೋವು, ನನ್ನ ಗಂಡನಿಗೆ ಮದುವೆಯ ಊಟದ ನಿದ್ದೆ. ಹೀಗಾಗಿ ನಾನು ಹೊರಟೆ. ಹೊರಡುವಾಗ ಗಂಡ ಮಲಗಿದಲ್ಲಿಂದಲೇ ಒಂದು ಮಾತು ಹೇಳಿದ.

“ಅಪ್ಪ ಎಲ್ಲೂ ಗೇಟ್ ಮುಟ್ಟದಂಗ ನೋಡ್ಕೋ.”

ಬಸ್ಸಿನಲ್ಲಿ ಇಪ್ಪತ್ತು ಜನ ಇದ್ದೆವು. ಗೈಡು ಮೂವತ್ತರ ಒಳಗಿನ ಹೆಣ್ಣುಮಗಳು, ಕೈಯಲ್ಲಿ ಮೈಕು, ತೆಲುಗು ಹಿಂದಿ ಎರಡನ್ನೂ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದಳು. ಮೊದಲು ನದಿಗೆ ಅಡ್ಡ ಕಟ್ಟಿದ ಬ್ಯಾರೇಜು ತೋರಿಸಿದಳು. ಉಳಿದವರು ನದಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಮಾವನವರು ಒಂದೊಂದೇ ಗೇಟನ್ನು ನೋಡುತ್ತ ಆ ತುದಿಯಿಂದ ಈ ತುದಿಗೆ ನಡೆದು, ಯಾವುದರಲ್ಲಿ ನೀರು ಸೋರುತ್ತಿದೆ ಎಂದು ಆ ಹುಡುಗಿಗೆ ಹೇಳಿಬಂದರು. ಅವಳು ಥ್ಯಾಂಕ್ಸ್ ಅಂದಳು, ಪಾಪ. ಅವಳು ಏನು ಮಾಡಬೇಕಿತ್ತು?

ಬಸ್ಸು ಮುಂದೆ ಹೋಯಿತು. ರಸ್ತೆಯ ಎರಡೂ ಕಡೆ ಕಾಲುವೆ, ಬಾಳೆ, ಅರಿಸಿನ, ಮತ್ತೆ ಕಾಲುವೆ. ಮಾವನವರಿಗೆ ಹಬ್ಬ. ಇಲ್ಲಿಯ ಗೇಟಿನ ಚಕ್ರ ನಮ್ಮದಕ್ಕಿಂತ ಸಣ್ಣದು, ಇಲ್ಲಿಯ ಏರಿ ನಮ್ಮದಕ್ಕಿಂತ ಸ್ವಚ್ಛ ಎಂದು ನನಗೆ ಪಾಠ ಹೇಳುತ್ತಲೇ ಇದ್ದರು. ಆಗ ಗೈಡು ಮೈಕಿನಲ್ಲಿ ಹೇಳಿದಳು, ನಾವೀಗ ಹೋಗುವುದು ಇಡೀ ಕೃಷ್ಣಾ ನದಿಯ ಟೇಲೆಂಡಿಗೆ ಎಂದು.

ಮಾವನವರ ಪಾಠ ನಿಂತಿತು.

ಅವಳು ಮುಂದುವರಿಸಿದಳು. ಮಹಾರಾಷ್ಟ್ರದಿಂದ ಕೃಷ್ಣೆ ಬರುತ್ತಾಳೆ, ಕರ್ನಾಟಕದಿಂದ ತುಂಗಭದ್ರೆ ಬಂದು ಸೇರುತ್ತಾಳೆ, ಮೇಲಿನವರೆಲ್ಲ ಕುಡಿದು ಉಳಿದದ್ದು ಇಲ್ಲಿಗೆ ಬರುತ್ತದೆ. ಹೇಳಿ ನಕ್ಕಳು. ಬಸ್ಸಿನವರೂ ನಕ್ಕರು. ಮಾವನವರು ಕಿಟಕಿಯ ಪರದೆ ಎಳೆದುಕೊಂಡರು. ಆಮೇಲೆ ಅವಳು ಮೈಕು ಹಿಡಿದು ಒಬ್ಬೊಬ್ಬರದೇ ಊರು, ಕೆಲಸ ಕೇಳುತ್ತ ಬಂದಳು. ಮೈಕು ನಮ್ಮ ಸೀಟಿಗೂ ಬಂತು.

“ಕುಷ್ಟಗಿ,” ಅಂದರು ಮಾವನವರು. “ಸಾಲಿ ಮಾಸ್ತರ.”

ನಾನು ಅವರ ಮುಖ ನೋಡಿದೆ. ಮೈಕು ಹಿಂದಿನ ಸೀಟಿಗೆ ಹೋದ ಮೇಲೆ ಮೆಲ್ಲಗೆ ಕೇಳಿದೆ.

“ಮಾವಾರ, ಕುಷ್ಟಗಿ ಯಾಕಂದ್ರಿ?”

“ಸುಮ್ಕ ಕುಂದ್ರವಾ. ಕುಷ್ಟಗಿಯೊಳಗ ನಮ್ಮ ಕಾಲುವಿ ಇಲ್ಲ. ಯಾರೂ ಏನೂ ಕೇಳಂಗಿಲ್ಲ.”

“ಮತ್ತ ಮಾಸ್ತರ?”

“ಮಾಸ್ತರಿಗೆ ಯಾರರೆ ನೀರು ಕೇಳ್ತಾರೇನು?”

ಒಂದು ಸುಳ್ಳಿಗೆ ಎಷ್ಟು ಕೆಲಸ ನೋಡಿ! ಅಲ್ಲಿಂದ ಇಡೀ ಬಸ್ಸಿಗೆ ಅವರು ಮಾಸ್ಟಾರು. ಮುಂದಿನ ಸೀಟಿನ ತಾಯಿ ತನ್ನ ಮಗಳಿಗೆ ಹದಿನೇಳರ ಮಗ್ಗಿ ಬರುವುದಿಲ್ಲ, ನೀವಾದರೂ ಹೇಳಿಕೊಡಿ ಎಂದಳು. ಮಾವನವರು ಹದಿನೇಳು ಮೂರಲೆ ಐವತ್ತೊಂದರವರೆಗೆ ಧೈರ್ಯವಾಗಿ ಹೋಗಿ, ಆಮೇಲೆ ಕಿಟಕಿಯ ಹೊರಗೆ ಕೊಕ್ಕರೆ ತೋರಿಸಿದರು. ಆ ಮಗು ಬುದ್ಧಿವಂತೆ, ಮಾಸ್ತರರಿಗೂ ಬರುವುದಿಲ್ಲ ಎಂದು ಅಮ್ಮನಿಗೆ ಹೇಳಿತು.

ದೋಣಿ ಹತ್ತಿದೆವು. ನದಿ ಅಷ್ಟು ಅಗಲವಾಗಬಹುದು ಎಂದು ನನಗೆ ಗೊತ್ತಿರಲಿಲ್ಲ. ನೀರು ಅವಸರವನ್ನೆಲ್ಲ ಬಿಟ್ಟುಕೊಟ್ಟು ಮಲಗಿದಂತಿತ್ತು. ದಂಡೆಯಲ್ಲಿ ಬೇರುಗಳನ್ನು ಮೇಲೆತ್ತಿ ನಿಂತ ಕುಳ್ಳ ಮರಗಳು, ಕೆಸರಿನಲ್ಲಿ ಓಡುವ ಕೆಂಪು ಏಡಿಗಳು. ನಾನು ತಳಕಲ್ಲಿನವಳು, ಬಾಯಿ ಬಿಟ್ಟುಕೊಂಡು ನೋಡಿದೆ. ಒಂದು ಕಡೆ ಗೈಡು ದೋಣಿ ನಿಲ್ಲಿಸಿ, ಇಲ್ಲಿಗೆ ಸಿಹಿನೀರು ಮುಗಿಯಿತು, ಬೇಕಾದರೆ ರುಚಿ ನೋಡಿ ಎಂದಳು. ಎಲ್ಲರೂ ಬೆರಳು ಅದ್ದಿ ನೆಕ್ಕಿ ಮುಖ ಕಿವಿಚಿಕೊಂಡರು. ಮಾವನವರು ಬೆರಳಲ್ಲ, ಬೊಗಸೆಯನ್ನೇ ಅದ್ದಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಉಗುಳದೆ, ಕಷ್ಟಪಟ್ಟು ನುಂಗಿದರು. ಮೇಲಿಂದ ಬರುವ ನೀರು ಕಡಿಮೆಯಾದ ವರ್ಷ ಸಮುದ್ರ ನದಿಯೊಳಗೆ ಹಿಂದೆ ಹಿಂದೆ ಹತ್ತಿ ಬರುತ್ತದೆ ಎಂದು ಅವಳು ಹೇಳುತ್ತಿದ್ದಳು. ಅವರು ತಲೆ ಎತ್ತಲಿಲ್ಲ.

ಊಟ ದಂಡೆಯ ಮೇಲಿನ ಒಂದು ತೆಂಗಿನ ತೋಟದಲ್ಲಿ. ತೋಟದ ಯಜಮಾನರು ಮಾವನವರ ವಯಸ್ಸಿನವರೇ, ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ತಾವೇ ಮುಂದೆ ನಿಂತು ಬಡಿಸುತ್ತಿದ್ದರು. ಬಡಿಸುತ್ತ ಮಾತಾಡುವುದು ಅವರ ಅಭ್ಯಾಸ. ಹಿಂದೆ ತಮ್ಮದು ಎರಡು ಬೆಳೆ, ಈಗ ಒಂದು. ಕಾಲುವೆ ತಮ್ಮ ಗದ್ದೆಯ ಬದುವಿಗೇ ಮುಗಿಯುತ್ತದೆ, ಅಲ್ಲಿಂದಾಚೆ ಉಪ್ಪು. ಮೇಲೆ ಯಾರೋ ಕೂತು ಗೇಟು ತಿರುಗಿಸುತ್ತಾರೆ, ಅವರ ಮುಖ ಒಮ್ಮೆ ನೋಡಬೇಕೆಂದು ಆಸೆ. ಇಷ್ಟನ್ನು ಅವರು ಸಿಟ್ಟಿಲ್ಲದೆ, ಸಾರು ಬಡಿಸುವ ಹಾಗೇ ಹೇಳಿದರು.

ಮಾವನವರು ಕಲಸಿದ ಅನ್ನ ಕೈಯಲ್ಲೇ ಇತ್ತು. ಗೈಡು, ಮಾಸ್ಟಾರು ಯಾಕೆ ಉಣ್ಣುತ್ತಿಲ್ಲ ಎಂದಳು. ನಾನು ಅವರ ಅಂಗಿಯ ತೋಳು ಜಗ್ಗಿದೆ. ಏನು ಮಾಡಲು ಹೊರಟಿದ್ದಾರೆಂದು ನನಗೆ ಗೊತ್ತಾಗಿಬಿಟ್ಟಿತ್ತು.

ಅವರು ಎದ್ದು ನಿಂತರು, ಎಂಜಲ ಕೈಯನ್ನು ಹಾಗೇ ದೂರ ಹಿಡಿದುಕೊಂಡು. ತೆಲುಗಿನಲ್ಲಿ ಹೇಳಿದರು, ಕ್ಯಾಂಪಿನಲ್ಲಿ ಕಲಿತ ತೆಲುಗು. ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ಯಜಮಾನ್ರ, ನಾ ಮಾಸ್ತರ ಅಲ್ರಿ. ಕುಷ್ಟಗಿಯಾಂವನೂ ಅಲ್ಲ. ತುಂಗಭದ್ರಾ ಕಾಲುವಿ ಮ್ಯಾಲ ಗೇಟ್ ತಿರುವತಿದ್ದಾಂವ ನಾನ. ಮೂವತ್ತು ವರ್ಷ ನಿಮ್ಮ ಕಡೆ ಬರೂ ನೀರು ನಮ್ಮ ಕಡೆ ಹೊಳ್ಳಿಸೀನಿ. ನೋಡ್ರಿ, ಇದ ಆ ಮುಖ.”

ಇಪ್ಪತ್ತು ಜನರ ಊಟ ನಿಂತಿತು. ಯಜಮಾನರು ಸಾರಿನ ಬಕೆಟ್ಟು ಕೆಳಗಿಟ್ಟರು. ಟವೆಲಿನಿಂದ ಕೈ ಒರೆಸಿಕೊಂಡರು. ಆಮೇಲೆ ಬೈಯಲು ಶುರು ಮಾಡಿದರು.

ಎಂಥ ಬೈಗುಳ ಅದು! ಅಣೆಕಟ್ಟಿನಿಂದ ಹಿಡಿದು, ಮೂರು ರಾಜ್ಯಗಳ ಸರ್ಕಾರಗಳನ್ನು ಮುಗಿಸಿ, ಮಳೆಯನ್ನು ಬೈದು, ಸಮುದ್ರವನ್ನು ಬೈದು, ಕಡೆಗೆ ಮಾವನವರ ಗೇಟಿನ ಚಕ್ರಕ್ಕೆ ಬಂದು, ನೀರು ಬಾರದ ವರ್ಷಗಳನ್ನು ಒಂದೊಂದಾಗಿ ಎಣಿಸಿದರು. ನನಗೆ ಅರ್ಧ ತಿಳಿಯಿತು, ಅಷ್ಟೇ ಸಾಕಾಗಿತ್ತು. ಮಾವನವರು ತಲೆ ತಗ್ಗಿಸಿ ಹೂಂ, ಹೂಂ ಎನ್ನುತ್ತಿದ್ದರು. ಒಂದೇ ಒಂದು ಕಡೆ ತಡೆದು, ಆ ವರ್ಷದ್ದು ನನ್ನ ತಪ್ಪಲ್ಲ, ಏರಿ ಒಡೆದಿತ್ತು ಎಂದರು. ಯಜಮಾನರು ಆ ವರ್ಷವನ್ನು ಬಿಟ್ಟುಕೊಟ್ಟು ಮುಂದಿನ ವರ್ಷಕ್ಕೆ ಹೋದರು. ಗೈಡಿನ ಮುಖ ಬಿಳಿಚಿಕೊಂಡಿತ್ತು. ಅವಳ ಪ್ರವಾಸದ ಪಟ್ಟಿಯಲ್ಲಿ ಇದು ಇರಲಿಲ್ಲ.

ಕೊನೆಗೆ ಯಜಮಾನರಿಗೆ ದಣಿವಾಯಿತು. ಒಂದು ಚೊಂಬು ನೀರು ಕುಡಿದರು. ಎದುರಿಗೆ ನಿಂತವರ ಕೈಯಲ್ಲಿ ಅನ್ನ ಒಣಗಿದ್ದು ಆಗ ಕಂಡಿತೇನೋ. ಹೊಸ ಎಲೆ ತರಿಸಿದರು. ಅದರ ಮುಂದೆ ಮಾವನವರನ್ನು ಕೂರಿಸಿ, ಪಕ್ಕದಲ್ಲಿ ತಾವೂ ಒಂದು ಎಲೆ ಹಾಕಿಕೊಂಡು ಕೂತರು. ಇಬ್ಬರೂ ಸಾರನ್ನ ಮುಗಿಸಿ ಮಜ್ಜಿಗೆಗೆ ಬಂದರು. ಆಮೇಲೆ ಯಜಮಾನರು ಕೇಳಿದರು, ಹಾಗಾದರೆ ನಿಮ್ಮ ಕಾಲುವೆಯ ಟೇಲೆಂಡಿನವರು ಸುಖವಾಗಿದ್ದಾರಾ ಎಂದು.

“ಎಲ್ಲಿ ಸುಖ ತಗೀರಿ,” ಅಂದರು ಮಾವನವರು. “ಅವರೂ ಹಿಂಗ ಬೈತಾರ. ನಿಮ್ಮಷ್ಟು ಛಲೋ ಬೈಯಾಕ ಬರಂಗಿಲ್ಲ ಅಷ್ಟ.”

ಯಜಮಾನರಿಗೆ ನಗು ಬಂದು ಮಜ್ಜಿಗೆ ನೆತ್ತಿಗೇರಿತು. ಮಾವನವರೇ ಅವರ ಬೆನ್ನು ತಟ್ಟಿದರು. ದೋಣಿ ಹೊರಡುವಾಗ ಯಜಮಾನರು ನಮ್ಮ ಮನೆಯ ಫೋನ್ ನಂಬರು ಬರೆದುಕೊಂಡರು. ಬೈಯುವುದು ಇನ್ನೂ ಬಾಕಿ ಉಳಿದಿದೆಯೇನೋ ಎಂದು ನಾನು ಅಂದುಕೊಂಡೆ!

ಬಸ್ಸಿನಲ್ಲಿ ಮಾವನವರು ಪರದೆ ಸರಿಸಿ ಕೂತರು. ಬೇಜಾರಾಯಿತೇ ಎಂದು ಕೇಳಿದೆ.

“ಇಲ್ಲವಾ. ಮೂವತ್ತು ವರ್ಷ ಓಡಿ ಓಡಿ ತಪ್ಪಿಸ್ಕೊಂಡಿದ್ದೆ. ಇವತ್ತ ನಿಂತು ಕೇಳಿದೆ. ಹಗುರಾತು.”

ಊರಿಗೆ ಬಂದ ಮೇಲೆ ಅವರು ಮತ್ತೆ ಬಳೆ ಅಂಗಡಿಗೆ ಹೋಗಲಿಲ್ಲ. ಸಂತೆಯಲ್ಲಿ ಕೆಂಪು ರುಮಾಲಿನವರು ಬಂದರೆ ನಿಂತು ಬೈಸಿಕೊಂಡು, ಆಮೇಲೆ ಅವರಿಗೆ ಚಹಾ ಕುಡಿಸಿ ಮನೆಗೆ ಬರುತ್ತಿದ್ದರು. ಅತ್ತೆಯವರಿಗೆ ಹೊಸ ಬಳೆ ತಪ್ಪಿದವು.

ಮುಂದಿನ ಮಳೆಗಾಲ ಒಂದು ಬೆಳಿಗ್ಗೆ ಫೋನು ಬಂತು. ಆ ತೋಟದ ಯಜಮಾನರು. ಬೈಯಲಿಲ್ಲ. ತಮ್ಮ ಗದ್ದೆಯ ಬದುವಿನವರೆಗೂ ನೀರು ಬಂದಿದೆ, ಹೇಳೋಣ ಅನಿಸಿತು ಎಂದರು. ಮಾವನವರು ಫೋನು ಕಿವಿಗೆ ಒತ್ತಿಕೊಂಡು ಅಂಗಳದಲ್ಲಿ ಮೂರು ಸುತ್ತು ಹಾಕಿದರು. ಆ ದಿನ ಮನೆಯಲ್ಲಿ ರವೆ, ಬೆಲ್ಲದ ಸಜ್ಜಕ ಮಾಡಿಸಿದರು. ಅಲ್ಲಿಂದ ಪ್ರತಿ ವರ್ಷ ಆ ಫೋನು ಬರುತ್ತಿತ್ತು, ಮುಂಗಾರು ಹಿಡಿದ ಮೇಲೆ ಅದೇ ಒಂದು ಮಾತು, ಅದೇ ಸಜ್ಜಕ. ನೀರು ಬರುವುದು ತಡವಾದ ವರ್ಷ ಮಾವನವರು ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದರು. ಮಗನ ಪರೀಕ್ಷೆಯ ಫಲಿತಾಂಶ ಬರುವಾಗಲೂ ಹಾಗೆ ಕೂತಿರಲಿಲ್ಲ ಎಂದು ಅತ್ತೆಯವರು ಹೇಳುತ್ತಿದ್ದರು.

ಈ ಬೇಸಿಗೆಯಲ್ಲಿ ಮಾವನವರು ತೀರಿಕೊಂಡರು. ಕಾಲುವೆಯಲ್ಲಿ ನೀರಿಲ್ಲದ ದಿನಗಳು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಬೇರೆ ಹೇಳುವುದಕ್ಕೆ ಏನೂ ಇಲ್ಲ.

ಹೋದ ವಾರ ಫೋನು ಬಂತು. ಅತ್ತೆಯವರು ಒಳಗಿದ್ದರು, ನಾನೇ ಎತ್ತಿದೆ. ಯಜಮಾನರ ದನಿ ಖುಷಿಯಲ್ಲಿತ್ತು. ನೀಳ್ಳು ವಚ್ಚಾಯಮ್ಮಾ, ನೀರು ಬಂತು ಎಂದರು. ಬಂದಷ್ಟು ತೆಲುಗಿನಲ್ಲಿ, ಮಾವನವರು ಇಲ್ರಿ ಎಂದೆ. ಅಷ್ಟೇ ಹೇಳಲು ನನಗೆ ಆಯಿತು. ಅವರು ಅದನ್ನು ಹೊರಗೆ ಹೋಗಿದ್ದಾರೆಂದು ತಿಳಿದರು. ಇಂಟ್ಲೋ ಲೇರಾ, ಸರಿ, ವಚ್ಚಾಕ ಚೆಪ್ಪಮ್ಮಾ ಎಂದರು. ಮನೆಯಲ್ಲಿಲ್ಲವೇ, ಸರಿ, ಬಂದ ಮೇಲೆ ಹೇಳು ತಾಯಿ ಎಂದು ಅರ್ಥ. ನಾನು ಹೂಂ ಎಂದುಬಿಟ್ಟೆ.

ಹೇಳುತ್ತೇನೆಂದು ಒಪ್ಪಿಕೊಂಡು ವಾರವಾಯಿತು. ಯಾರಿಗೆ ಹೇಳುವುದು? ಅತ್ತೆಯವರ ಮುಂದೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಕೂತು ನಿಮಗೆ ಇಷ್ಟೆಲ್ಲ ಬರೆದೆ. ಅಲ್ಲಿ ನೀರು ಬಂದಿದೆಯಂತೆ. ಈ ಸಲ ಬೇಗ ಬಂತಂತೆ.