ಬುಟ್ಟಿಗೆ ಹಾಕುವವರು, ಪಾಸ್ ಕೊಡುವವರು ಮತ್ತು ನಮ್ಮ ಕಾಕಾ

ಬಾಸ್ಕೆಟ್‌ಬಾಲ್ ಎಂದರೆ ಪ್ರಾಣ ಬಿಡುವ, ಆದರೆ ಚೆಂಡು ಬುಟ್ಟಿಗೆ ಬೀಳುವುದನ್ನು ಮಾತ್ರ ನೋಡಲೊಲ್ಲದ ಮನುಷ್ಯ ಇಡೀ ಧಾರವಾಡದಲ್ಲಿ ಒಬ್ಬರೇ: ನಮ್ಮ ಕಾಕಾ. ಮುಂದೆ ಹೇಳುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಡೈರಿ ನೋಡಿಯೇ ಬರೆಯುತ್ತಿದ್ದೇನೆ, ಆದರೆ ಡೈರಿಯನ್ನೂ ಬರೆದವಳು ನಾನೇ ತಾನೆ?

ಕಾಲೇಜು ತಂಡದಲ್ಲಿ ಕಾಕಾ ಪಾಸ್ ಕೊಡುತ್ತಿದ್ದರು, ಹುಬ್ಬಳ್ಳಿಯ ಅವರ ಗೆಳೆಯರೊಬ್ಬರು ಬುಟ್ಟಿಗೆ ಹಾಕುತ್ತಿದ್ದರು. ಆ ಗೆಳೆಯರು ಮುಂದೆ ಸ್ಕೂಟರ್ ಮೆಕ್ಯಾನಿಕ್ ಆದರು. ನಮಗೆಲ್ಲ ಅವರು ಚಾಚಾ. ಆಟ ನಿಂತರೂ ಜಗಳ ನಿಲ್ಲಲಿಲ್ಲ. ಪ್ರತಿ ರವಿವಾರ ಚಾಚಾ ಮಾಳಮಡ್ಡಿಯ ನಮ್ಮ ಮನೆಗೆ ಬರಬೇಕು, ಅವಲಕ್ಕಿ ತಿನ್ನಬೇಕು, ಮೊಬೈಲಿನಲ್ಲಿ ಅಮೆರಿಕದ ಹಳೆಯ ಪಂದ್ಯ ಹಚ್ಚಬೇಕು. ಜಗತ್ತು ಕಂಡ ಆಟಗಾರರಲ್ಲಿ ದೊಡ್ಡವರು ಯಾರು? ದೂರದ ಗೆರೆಯಾಚೆ ನಿಂತು ಹಾಕುವವರೋ, ನೋಡದೆಯೇ ಪಾಸ್ ಕೊಡುವವರೋ?

ಚೆಂಡು ಪಾಸ್ ಕೊಟ್ಟವನ ಕೈ ಬಿಟ್ಟ ಕೂಡಲೇ ಕಾಕಾ ವಿಡಿಯೋ ನಿಲ್ಲಿಸಿಬಿಡುತ್ತಿದ್ದರು. ಬಿತ್ತೋ ಇಲ್ಲವೋ ಎಂದು ಕೇಳಿದರೆ, ಅದು ಇನ್ನೊಬ್ಬನ ಕೆಲಸವಂತೆ! ಚಾಚಾ ಮೊಬೈಲು ಕಸಿದು ಉಳಿದರ್ಧ ಮಾತ್ರ ನೋಡುತ್ತಿದ್ದರು.

"ಹಾಕಾಂವ ಇಲ್ಲಂದ್ರ ನಿನ್ನ ಪಾಸು ಕೀಲಿ ಹಾಕಿದ ಮನಿಗೆ ಬಂದ ಟಪಾಲು," ಎನ್ನುತ್ತಿದ್ದರು ಚಾಚಾ.

"ಟಪಾಲs ಬರಲಿಲ್ಲಂದ್ರ ಬಾಗಲದಾಗ ನಿಂತು ಏನ್ ಓದತಿದ್ದಿ?" ಎನ್ನುತ್ತಿದ್ದರು ಕಾಕಾ.

ಗರಗದ ಮದುವೆಯೊಂದರಲ್ಲಿ ಕಾಕಾ ಮುಖ ಒಂದು ಕಡೆ, ಕೈ ಇನ್ನೊಂದು ಕಡೆ ಮಾಡಿ ಹೋಳಿಗೆ ಬಡಿಸಿದರು. ಹೋಳಿಗೆ ಬೀಗರ ತೊಡೆಯ ಮೇಲೆ ಬಿತ್ತು. ತಪ್ಪು ಯಾರದು? ಬೀಗರದೇ, ಅವರು ಜಾಗ ಬಿಟ್ಟು ಸರಿದಿದ್ದರಂತೆ!

ಹೋದ ವರ್ಷ ಚಾಚಾಗೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಬರುವುದು ನಿಂತಿತು, ಫೋನೂ ಎತ್ತಲೊಲ್ಲರು. ಕೈಯೇ ಇಲ್ಲದವನಿಗೆ ಆಟದ ಮಾತು ಯಾಕೆ ಎಂದರಂತೆ, ಮಗಳ ಮುಂದೆ. ನಾಲ್ಕೋ ಐದೋ ರವಿವಾರ ಕಾಕಾ ಅವಲಕ್ಕಿಯ ಮುಂದೆ ಒಬ್ಬರೇ ಕೂತರು. ಪಂದ್ಯ ಹಚ್ಚಲಿಲ್ಲ. ಆಮೇಲಿನ ರವಿವಾರ ನನ್ನನ್ನು ಕರೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದರು.

ಚಾಚಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹೇಗಿದ್ದೀ ಎಂದೂ ಕಾಕಾ ಕೇಳಲಿಲ್ಲ.

"ಭಾಳ ವಿಚಾರ ಮಾಡಿದೆ. ನಿಂದs ಖರೆ. ಹಾಕಾವರs ದೊಡ್ಡವರು."

ಚಾಚಾ ನಿಧಾನವಾಗಿ ಹೊರಳಿದರು. ಎಡಗೈ ಊರಿ ಎದ್ದು ಕೂತರು.

"ನನಗ ಲಕ್ವಾ ಹೊಡದೈತಂತ ಸೋಲಾಕ ಬಂದಿಯೇನಲೇ? ಕೊಡಾಂವ ಇಲ್ದ ಹಾಕಾಂವ ಏನ್ ಹಾಕತಾನ?"

ಆಮೇಲೆ ಏನಾಯಿತೆಂದರೆ, ಚಾಚಾ ಪಾಸ್ ಕೊಡುವವರ ಪರ, ಕಾಕಾ ಹಾಕುವವರ ಪರ! ಮಧ್ಯಾಹ್ನದವರೆಗೂ ಇದೇ. ಚಾಚಾರ ಮಗಳು ಎರಡು ಸಲ ಚಹಾ ತಂದಿಟ್ಟಳು, ಎರಡೂ ಆರಿ ಹೋದವು. ನಾವು ಎದ್ದಾಗ ಚಾಚಾ, ಬರುವ ರವಿವಾರ ಮಾಳಮಡ್ಡಿಗೇ ಬಂದು ಉಳಿದದ್ದನ್ನು ಹೇಳುತ್ತೇನೆ ಎಂದು ಬೆದರಿಸಿದರು. ಬಂದರು ಕೂಡ, ಮಗಳ ಹೆಗಲು ಹಿಡಿದು.

ಅಂದು ಹುಬ್ಬಳ್ಳಿಯಿಂದ ಮರಳುವಾಗ ಬಸ್ಸಿನಲ್ಲಿ ನಾನು ಕಾಕಾರನ್ನು ಇಷ್ಟೇ ಕೇಳಿದೆ.

"ಕಾಕಾ, ನೀವು ಖರೇನs ಸೋತಿದ್ರೋ, ಅವರು ಎದ್ದು ಕೂಡ್ಲಿ ಅಂತ ಹಂಗ ಅಂದ್ರೋ?"